ಪಂಪ್ ಬದಲಿಸುವ ಮೊದಲು ಪ್ರೆಶರ್ ನೋಡಿ

ಗದಗಿನಲ್ಲಿ ಮದುವೆ ಇತ್ತು. ಅಣ್ಣಿಗೇರಿ ಹತ್ತಿರ ಚಹಾಕ್ಕೆ ನಿಲ್ಲಿಸಿದೆ. ಕುಡಿದು ಬಂದು ಕೀ ತಿರುಗಿಸಿದರೆ ನಮ್ಮ 2003ರ ಮಾರುತಿ ಎಸ್ಟೀಮ್ ಕಾರು ಸ್ಟಾರ್ಟ್ ಆಗಲೊಲ್ಲದು. ಏಪ್ರಿಲ್ ಬಿಸಿಲು. ಹಿಂದಿನ ಸೀಟಿನಲ್ಲಿ ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಐದಾರು ಸಲ ಸೆಲ್ಫ್ ಹೊಡೆದ ಮೇಲೆ ಕರಿ ಹೊಗೆ ಬಿಟ್ಟು ಶುರುವಾಯಿತು.

ಎರಡು ತಿಂಗಳ ಹಿಂದಷ್ಟೇ ಇದೇ ತೊಂದರೆಗೆ, ಟ್ಯಾಂಕಿನಿಂದ ಇಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪನ್ನು ಹೊಸದಾಗಿ ಹಾಕಿಸಿದ್ದೆ. "ಪಂಪ್ ಹೋಗೈತ್ರಿ ಸರ್ರ, ಬ್ಯಾರೆ ಹಾಕ್ಸೂದ ಪಾಡ" ಅಂದಿದ್ದರು ಗ್ಯಾರೇಜಿನವರು. ಯಾರೂ ಅಳತೆ ಮಾಡಿ ನೋಡಿರಲಿಲ್ಲ. ನಾನೂ ಕೇಳಿರಲಿಲ್ಲ.

ಹಳೆ ಕಾರು ಇಟ್ಟುಕೊಂಡವರಿಗೆಲ್ಲ ಇದು ಗೊತ್ತಿರುವ ಕತೆ, ಅಲ್ವಾ? ಇವತ್ತು ಪಂಪ್, ನಾಳೆ ಪ್ಲಗ್, ನಾಡಿದ್ದು ಇಂಜೆಕ್ಟರ್. ದುಡ್ಡಿನ ಜೊತೆ ಗಾಡಿಯ ಮೇಲಿನ ನಂಬಿಕೆಯೂ ಹೋಗುತ್ತದೆ. ಕೊನೆಗೆ ಗಟ್ಟಿಮುಟ್ಟಾದ ಗಾಡಿಯನ್ನೇ ಗುಜರಿಗೆ ಹಾಕುತ್ತಾರೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ಪ್ರೆಶರ್ ಗೇಜ್ ಹಾಕಿ ನೋಡದೆ ಪೆಟ್ರೋಲ್ ಪಂಪ್ ಬದಲಿಸಲು ಒಪ್ಪಬೇಡಿ.

ದುಬಾರಿ ಕಿಟ್ ಏನೂ ಬೇಡ. ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಹೈಡ್ರಾಲಿಕ್ ಸಾಮಾನು ಮಾರುವ ಅಂಗಡಿಯಲ್ಲಿ 7 ಕೆಜಿವರೆಗೆ (ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಪ್ರೆಶರ್ ಅನ್ನುವ ಲೆಕ್ಕ) ತೋರಿಸುವ ಗೇಜ್ ತಗೊಂಡೆ. ಗ್ಲಿಸರಿನ್ ತುಂಬಿದ್ದು. ಇಂಜಿನ್ ಎಷ್ಟೇ ಅದುರಿದರೂ ಮುಳ್ಳು ಕುಣಿಯುವುದಿಲ್ಲ. ಜೊತೆಗೆ ಒಂದು ಹಿತ್ತಾಳೆ ಟೀ (T ಆಕಾರದ ಮೂರು ಬಾಯಿಯ ಜಾಯಿಂಟ್), ನಿಪ್ಪಲ್‌ಗಳು, ಒಂದು ಮೊಳ ಪೈಪು, ಕ್ಲಿಪ್ಪುಗಳು. ಎಲ್ಲಾ ಸೇರಿ ಸಾವಿರ ರೂಪಾಯಿ ದಾಟಲಿಲ್ಲ. ಬಾನೆಟ್ ಒಳಗೆ, ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ತರುವ ರಬ್ಬರ್ ಪೈಪಿನ ನಡುವೆ ಟೀ ಕೂಡಿಸಿ, ಅದರ ಮೂರನೇ ಬಾಯಿಗೆ ಗೇಜ್ ಹಾಕಬೇಕು, ಅಷ್ಟೇ.

ಆದರೆ ಪೈಪಿನಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಅಂಗಡಿಯವರು ಕಂಪ್ರೆಸರ್ ಗಾಳಿ ಪೈಪು ತೋರಿಸಿ "ಇದೂ ನಡೀತೈತ್ರಿ" ಅಂದರು. ನಡೆಯುವುದಿಲ್ಲ. ಪೆಟ್ರೋಲ್ ಅದನ್ನು ತಿನ್ನುತ್ತದೆ. ಇಂಜೆಕ್ಷನ್ ಗಾಡಿಗೆಂದೇ ಬರುವ ಪೈಪು ಕೇಳಿ ತಗೊಳ್ಳಿ. ಟೆಫ್ಲಾನ್ ಟೇಪೂ ಬೇಡ. ಅದರ ಎಳೆ ಕಿತ್ತು ಇಂಜೆಕ್ಟರ್‌ನಲ್ಲಿ ಸಿಕ್ಕಿಕೊಂಡರೆ ಹೊಸ ತಲೆನೋವು. ಕೆಲಸಕ್ಕೆ ಮುಂಚೆ ಇಂಜಿನ್ ತಣ್ಣಗಿರಲಿ. ಪಂಪಿನ ಫ್ಯೂಸ್ ತೆಗೆದು ಸ್ಟಾರ್ಟ್ ಮಾಡಿ, ತಾನಾಗಿ ಬಂದ್ ಆಗುವವರೆಗೆ ಬಿಡಿ. ಲೈನಿನ ಪ್ರೆಶರ್ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ. ಬಯಲಲ್ಲೇ ಮಾಡಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಗೇಜ್ ಚೆಂದ ಕಾಣಲಿ ಅಂತ ಪೆಟ್ರೋಲ್ ಪೈಪನ್ನು ಡ್ಯಾಶ್‌ಬೋರ್ಡ್‌ವರೆಗೆ ಎಳೆಯುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಲೀಕ್ ಆದರೆ ಪೆಟ್ರೋಲ್ ಬೀಳುವುದು ಮಕ್ಕಳು ಕೂರುವ ಜಾಗಕ್ಕೆ.

ನನ್ನ ಗಾಡಿಯಲ್ಲಿ ಐಡಲಿಂಗ್‌ಗೆ ಮುಳ್ಳು 2.4 ಕೆಜಿ ತೋರಿಸಿತು. ಪೆಟ್ರೋಲಿನ ಪ್ರೆಶರ್ ಹದದಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪು (ಅದರಿಂದ ಇಂಜಿನ್‌ಗೆ ಹೋಗುವ ಸಣ್ಣ ಗಾಳಿ ಪೈಪು) ಕಿತ್ತಾಗ 2.9ಕ್ಕೆ ಏರಿತು. ಇಂಜೆಕ್ಟರ್ ಇರುವ ಈ ತರದ ಎಂಪಿಎಫ್‌ಐ ಇಂಜಿನ್‌ಗೆ ಇದು ಸರಿಯಾದ ಲೆಕ್ಕವೇ. ಅಂದರೆ ಪಂಪ್ ಚೆನ್ನಾಗಿದೆ. ಹಳೆಯದೂ ಚೆನ್ನಾಗಿಯೇ ಇತ್ತೇನೋ.

ಇಂಜಿನ್ ಬಂದ್ ಮಾಡಿದೆ. ಪ್ರೆಶರ್ ಸ್ವಲ್ಪ ಹೊತ್ತಾದರೂ ನಿಲ್ಲಬೇಕಿತ್ತು, ಮುಳ್ಳು ಒಂದು ನಿಮಿಷವೂ ನಿಲ್ಲದೆ ಸೊನ್ನೆಗೆ ಬಂತು. ಚಹಾ ಕುಡಿಯುವಷ್ಟರಲ್ಲಿ ಆಗುತ್ತಿದ್ದದ್ದು ಇದೇ! ಇನ್ನೊಮ್ಮೆ ಓಡಿಸಿ, ಬಂದ್ ಮಾಡಿದ ತಕ್ಷಣ ಟ್ಯಾಂಕಿನಿಂದ ಬರುವ ರಬ್ಬರ್ ಪೈಪನ್ನು ಮೆತ್ತಗೆ ಒತ್ತಿ ಹಿಡಿದೆ. ಆಗಲೂ ಇಳಿಯಿತು. ಹಾಗಾದರೆ ಪೆಟ್ರೋಲ್ ಪಂಪಿನ ಕಡೆಗೆ ವಾಪಸ್ ಹೋಗುತ್ತಿಲ್ಲ. ಕಿತ್ತಿದ್ದ ವ್ಯಾಕ್ಯೂಮ್ ಪೈಪನ್ನು ಮೂಗಿಗೆ ಹಿಡಿದರೆ ಘಮ್ಮೆಂದು ಪೆಟ್ರೋಲ್ ವಾಸನೆ, ತುದಿ ಒದ್ದೆ. ಅದರಲ್ಲಿ ಗಾಳಿ ಬಿಟ್ಟು ಬೇರೇನೂ ಇರಬಾರದು. ರೆಗ್ಯುಲೇಟರ್ ಒಳಗಿನ ಪರದೆ ಹರಿದು, ಪೆಟ್ರೋಲ್ ಅಲ್ಲಿಂದ ನೇರ ಇಂಜಿನ್‌ಗೆ ಸೋರುತ್ತಿತ್ತು. ಕರಿ ಹೊಗೆ ಅದರದ್ದೇ. ಮೈಲೇಜ್ ಬಿದ್ದದ್ದೂ ಅದರಿಂದಲೇ. ರೆಗ್ಯುಲೇಟರ್ ಬದಲಿಸಿದೆ, ಮುಗಿಯಿತು.

ಇಂಜೆಕ್ಟರ್ ಬದಲು ಕಾರ್ಬುರೇಟರ್ ಇರುವ ಹಳೆ ಮಾರುತಿ 800 ಇದ್ದವರು ಈ ಗೇಜ್ ತಗೊಳ್ಳಬೇಡಿ. ಅಲ್ಲಿನ ಪ್ರೆಶರ್ ಕಾಲು ಕೆಜಿ ಆಸುಪಾಸು, ಇದರಲ್ಲಿ ಸರಿಯಾಗಿ ತಿಳಿಯುವುದಿಲ್ಲ.

ಗೇಜನ್ನು ಗಾಡಿಯಲ್ಲೇ ಬಿಡಬೇಕಾ ಅಂತ ಗೆಳೆಯರು ಕೇಳಿದರು. ನಾನು ಬಿಚ್ಚಿಟ್ಟೆ. ಸುಮ್ನೆ ಜಾಸ್ತಿ ಜಾಯಿಂಟ್ ಇದ್ದಷ್ಟೂ ಸೋರುವ ಜಾಗ ಜಾಸ್ತಿ. ಈಗ ಅದು ಟೂಲ್ ಡಬ್ಬಿಯಲ್ಲಿದೆ. ಪರಿಚಯದವರು ಯಾರಾದರೂ ಪಂಪ್ ಬದಲಿಸಲು ಹೊರಟಿದ್ದರೆ ಒಂದು ಫೋನ್ ಮಾಡಿ. ಭಾನುವಾರ ಬೆಳಿಗ್ಗೆ ಉಣಕಲ್ಲಿನ ನಮ್ಮ ಮನೆ ಮುಂದೆ ಗಾಡಿ ತನ್ನಿ, ಒಟ್ಟಿಗೆ ಹಾಕಿ ನೋಡೋಣ.