ಸರಿಯಾಗಿ ಮಾತಾಡಬೇಕಂತೆ!

ಭಾನುವಾರದಿಂದ ತಲೆ ಕೆಟ್ಟು ಕೂತಿದ್ದೇನೆ. ಬರೆದು ಇಳಿಸದಿದ್ದರೆ ಬಿಪಿ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಇದೆ. ಪುರುಸೊತ್ತು ಇದ್ದವರು ಓದಿ, ಉಳಿದವರು ಲೈಕ್ ಒತ್ತಿ ಮುಂದೆ ಹೋಗಿ. ಹೇಗೂ ಅದನ್ನೇ ಮಾಡ್ತೀರಿ.

ನಮ್ಮ ಅಪ್ಪಾಜಿ ನಿಮಗೆಲ್ಲ ಗೊತ್ತು. ವಯಸ್ಸು 82. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲಿ ಮಿಲ್ಲಿನ ಮಗ್ಗದ ಖಾತೆಯಲ್ಲಿ ಮೂವತ್ತು ವರ್ಷ ನಿಂತವರು. ಆ ಕಥೆಗಳನ್ನೆಲ್ಲ ಬರೆದಿಡಬೇಕು ಅನ್ನೋದು ನನ್ನ ಆಸೆ. ಆದರೆ ಅಶೋಕ ರಸ್ತೆಯಲ್ಲಿ 22 ವರ್ಷ ಡಿಟಿಪಿ ಮಾಡಿ ಮಾಡಿ ನನ್ನ ಬಲಗೈ ಮಣಿಕಟ್ಟು ಹೋಗಿದೆ. ನಾಲ್ಕು ಸಾಲು ಟೈಪ್ ಮಾಡಿದರೆ ರಾತ್ರಿ ನಿದ್ದೆ ಇಲ್ಲ. ಹಾಗಾಗಿ ಮನೆಯ ಕಂಪ್ಯೂಟರಿಗೇ ಹೇಳಿ ಬರೆಸೋಣ ಅಂತ ಎರಡು ತಿಂಗಳಿಂದ ಗುದ್ದಾಡುತ್ತಿದ್ದೇನೆ. ಅಪ್ಪಾಜಿ ಮಾತಾಡೋದು, ಅದು ಬರೆಯೋದು. ಕೇಳೋಕೆ ಎಷ್ಟು ಸುಲಭ, ಅಲ್ವಾ?

ಭಾನುವಾರ ಅಣ್ಣನ ಮಗ ಬೆಂಗಳೂರಿನಿಂದ ಬಂದಿದ್ದ. ಒಳ್ಳೆ ಹುಡುಗ, ಐಟಿಯಲ್ಲಿದ್ದಾನೆ. ಬೆಣ್ಣೆ ದೋಸೆ ತಿಂದು ಬಂದು ನಮ್ಮ ಹಿಂದೆ ನಿಂತ. ಅಪ್ಪಾಜಿ ಆಗ ಜೋರಾಗಿ ಹೇಳುತ್ತಿದ್ದರು: "ಮಿಲ್ ಕೂಗಿದ ಕೂಡ್ಲೆ ಎದ್ದು ಓಡ್ತಿದ್ವಿ. ನಮ್ಮವ್ವ ಬುತ್ತಿ ಕಟ್ಟಿ ಕೊಡ್ತಿದ್ಲು. ಆ ಮಗ್ಗ ಇನ್ನೂ ಕಣ್ಣ್ ಮುಂದೆ ಐತಿ."

ಪರದೆ ಮೇಲೆ ಬಂದದ್ದು: "ಮಗು ಕೂಗಿದ ಕೂಡಲೇ ಎದ್ದು ಓಡುತ್ತಿದ್ವಿ. ನಮ್ಮವ ಬುದ್ಧಿ ಕಟ್ಟಿ ಕೊಡುತ್ತಿದ್ದಳು. ಆ ಮಗ ಇನ್ನೂ ಕಣ್ಣ ಮುಂದೆ ಐಟಿ."

ಕೊನೆ ಸಾಲು ಅಷ್ಟೇನೂ ತಪ್ಪಲ್ಲ ಬಿಡಿ, ಆ ಮಗ ಕಣ್ಣ ಮುಂದೆ ಐಟಿಯಾಗೇ ನಿಂತಿದ್ದ. ನಗು ಬಂತು. ಅಷ್ಟರಲ್ಲಿ ಅವನು ಬಾಯಿಬಿಟ್ಟ: "ಅಜ್ಜ, ಸ್ವಲ್ಪ ಸರಿಯಾಗಿ ಮಾತಾಡ್ರಿ, ಕ್ಲಿಯರ್ ಕನ್ನಡದಲ್ಲಿ. ಅದು ಚೆನ್ನಾಗೇ ಬರೆಯುತ್ತೆ."

ಅಪ್ಪಾಜಿ ಒಂದು ಕ್ಷಣ ಸುಮ್ಮನಾದರು. ಮೈಕ್ ಕಡೆ ನೋಡಿದರು, ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ ರೇಡಿಯೋ ವಾರ್ತೆಯವರ ಥರ ಶುರು ಮಾಡಿದರು. "ನಾವು ಬೆಳಗಿನ ಜಾವದಲ್ಲಿ ಕಾರ್ಖಾನೆಗೆ ತೆರಳುತ್ತಿದ್ದೆವು. ನಮ್ಮ ತಾಯಿಯವರು ಊಟವನ್ನು ಕೊಡುತ್ತಿದ್ದರು." ಒಂದು ಅಕ್ಷರ ತಪ್ಪಿಲ್ಲದೆ ಬಂತು. ಹುಡುಗ "ನೋಡಿದ್ರಾ ಚಿಕ್ಕಪ್ಪ?" ಅಂದ.

ನೋಡಿದೆನಪ್ಪಾ. ಮಿಲ್ಲಿನ ಕೂಗು ಹೋಯ್ತು, ಬುತ್ತಿ ಹೋಯ್ತು, ನಮ್ಮ ಅಜ್ಜಿಯೇ ಹೋದಳು. ಎರಡು ಸಾಲು ಹೇಳಿ ಅಪ್ಪಾಜಿ "ಸಾಕು ಇವತ್ತಿಗೆ" ಅಂತ ಎದ್ದುಬಿಟ್ಟರು. ದಿನಾ ಒಂದು ಗಂಟೆ ಮಾತಾಡೋ ಮನುಷ್ಯ!

ಸರಿಯಾಗಿ ಮಾತಾಡಿ ಅಂದರೆ ಏನ್ರೀ ಅರ್ಥ? ಎಂಬತ್ತು ವರ್ಷ ಆ ಮಾತಿನಲ್ಲೇ ಸಂಸಾರ ಮಾಡಿದ್ದಾರೆ, ಸ್ಟ್ರೈಕ್ ಮಾಡಿದ್ದಾರೆ, ಮಂಡಿಪೇಟೆಯಲ್ಲಿ ಚೌಕಾಶಿ ಮಾಡಿದ್ದಾರೆ. ಒಬ್ಬರಿಗೂ ಅರ್ಥ ಆಗಲಿಲ್ಲ ಅಂತಿಲ್ಲ. ನಿನ್ನೆ ಮೊನ್ನೆ ಬಂದ ಸಾಮಾನಿಗೆ ಅರ್ಥ ಆಗಲಿಲ್ಲ ಅಂದರೆ ತಪ್ಪು ಅಜ್ಜಂದಾ?

ಇನ್ನೊಂದು ಹೇಳ್ತೀನಿ ಕೇಳಿ. ಆ ತಪ್ಪುಗಳಲ್ಲಿ ಅರ್ಧಕ್ಕರ್ಧ ಕನ್ನಡದ ತಪ್ಪೇ ಅಲ್ಲ, ಫ್ಯಾನಿನ ತಪ್ಪು. ಇದು ನನಗೆ ಗೊತ್ತಾಗೋಕೆ ಮೂರು ವಾರ ಬೇಕಾಯಿತು.

ಶುರುವಿನಲ್ಲಿ ನೂರು ಪದ ಹೇಳಿಸಿ, ತಪ್ಪು ಬಂದದ್ದನ್ನು ಕೆಂಪು ಪೆನ್ನಿನಲ್ಲಿ ಎಣಿಸಿದೆ. 41 ತಪ್ಪು. ಆಮೇಲೆ ಅದೇ ಧ್ವನಿಯನ್ನು ರೆಕಾರ್ಡ್ ಮಾಡಿ ನಾನೇ ಕೇಳಿದೆ. ಅಯ್ಯೋ ದೇವರೇ. ಮಗ್ಗದ ಸದ್ದಿನಲ್ಲಿ ಮೂವತ್ತು ವರ್ಷ ಕೂಗಿ ಕೂಗಿ ಮಾತಾಡಿದ ಗಂಟಲು ಅದು, ಮೆತ್ತಗೆ ಮಾತಾಡೋದೇ ಗೊತ್ತಿಲ್ಲ. ಅದರ ಮೇಲೆ ನಾನು ವಿಂಡೋಸ್‌ನ ಸೌಂಡ್ ಸೆಟ್ಟಿಂಗಿನಲ್ಲಿ ಮೈಕಿನ ವಾಲ್ಯೂಮ್ ಪೂರ್ತಿ ಇಟ್ಟು, ಬೂಸ್ಟ್ ಬೇರೆ ಏರಿಸಿದ್ದೆ. ಜಾಸ್ತಿ ಕೇಳಿಸಿದಷ್ಟೂ ಒಳ್ಳೇದು ಅಂತ ನನ್ನ ತಿಳಿವಳಿಕೆ. ಹಾಗೆ ಮಾಡಿದರೆ ಧ್ವನಿಯ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಜಾತ್ರೆಯ ಮೈಕಿನಲ್ಲಿ ಕಿರುಚಿದಾಗ ಗೊರಗೊರ ಅನ್ನುತ್ತಲ್ಲ, ಹಾಗೆ. ಮನುಷ್ಯನ ಕಿವಿ ಹೇಗೋ ಊಹಿಸಿಕೊಳ್ಳುತ್ತದೆ. ಯಂತ್ರಕ್ಕೆ ಕತ್ತರಿಸಿ ಹೋದದ್ದು ಹೋದ ಹಾಗೇ. ಬೂಸ್ಟ್ ಪೂರ್ತಿ ತೆಗೆದೆ, ಅಪ್ಪಾಜಿ ಗಟ್ಟಿಯಾಗಿ ಹೇಳಿದಾಗಲೂ ಪರದೆಯಲ್ಲಿ ಧ್ವನಿಯ ಮಟ್ಟ ತೋರಿಸುವ ಪಟ್ಟಿ ತುದಿ ಮುಟ್ಟದ ಹಾಗೆ ವಾಲ್ಯೂಮ್ ಇಳಿಸಿದೆ.

ಆಮೇಲೆ ಹೊಳೆದದ್ದು ಇನ್ನೂ ನಾಚಿಕೆಗೇಡು. ಹೆಡ್‌ಸೆಟ್ ತಂದು ಕಿವಿಗೆ ಹಾಕಿಸಿ ಒಂದು ವಾರ ಆಗಿತ್ತು. ಬ್ರೌಸರ್ ಮಾತ್ರ ಅಷ್ಟೂ ದಿನ ಕೇಳಿಸಿಕೊಳ್ಳುತ್ತಿದ್ದದ್ದು ಪರದೆಯ ಮೇಲಿನ ಕ್ಯಾಮೆರಾದ ಮೈಕಿನಿಂದ! ಮೂರು ಅಡಿ ದೂರದ ಮೈಕು, ತಲೆ ಮೇಲೆ ಫ್ಯಾನು. ವಿಳಾಸದ ಪಟ್ಟಿಯ ಪಕ್ಕದ ಸಣ್ಣ ಚಿಹ್ನೆ ಒತ್ತಿ ಸರಿಯಾದ ಮೈಕ್ ಆರಿಸಿದ ದಿನವೇ 41 ಇದ್ದದ್ದು 26 ಆಯಿತು. ಫ್ಯಾನ್ ಬಂದ್ ಮಾಡಿ, ಬೋಳು ಗೋಡೆಗೆ ಎರಡು ಹಳೇ ಕೌದಿ ತೂಗುಹಾಕಿದೆವು, ಪ್ರತಿಧ್ವನಿ ಬರಬಾರದು ಅಂತ. 19ಕ್ಕೆ ಇಳಿಯಿತು. (ಮನೆಯವಳ ಪ್ರಕಾರ ಈಗ ಆ ಕೋಣೆ ನಾಟಕ ಕಂಪನಿಯ ಡೇರೆ.) ಮೈಕನ್ನು ತುಟಿಯ ನೇರಕ್ಕೆ ಇಡದೆ ಬಾಯಿಯ ಮೂಲೆಗೆ ಎರಡು ಬೆರಳು ದೂರ ಇಟ್ಟರೆ ಪ, ಬ ಅನ್ನುವಾಗ ಗಾಳಿ ಹೊಡೆಯಲ್ಲ. ಹಲ್ಲಿನ ಸೆಟ್ ವಿಷಯ ಬೇರೆಯೇ. ಹಾಕಿಕೊಂಡರೆ ಸ, ಶ ಎರಡೂ ಸೀಟಿ, ತೆಗೆದರೆ ತ, ದ ಎರಡೂ ಗಾಳಿ. ಹಾಕಿಕೊಂಡೇ ಮಾತಾಡಲಿ ಅಂತ ತೀರ್ಮಾನ ಆಗಿದೆ.

ಇನ್ನೊಂದು ತಪ್ಪು ನಾನೇ ಕಲಿಸಿದ್ದು. "ಒಂದೊಂದೇ ಪದ ಬಿಡಿಸಿ ಬಿಡಿಸಿ ಹೇಳ್ರಿ" ಅಂತ ಪೀಡಿಸಿದ್ದೆ. ಇದು ಪೂರಾ ಉಲ್ಟಾ. ಈಗಿನ ತಂತ್ರಾಂಶಗಳು ಹಿಂದೆ ಮುಂದೆ ಏನು ಬಂತು ಅಂತ ನೋಡಿ ಪದ ಊಹಿಸುತ್ತವೆ. "ಲಾಳಿ" (ಮಗ್ಗದಲ್ಲಿ ನೂಲು ಹೊತ್ತು ಓಡುವ ಸಾಧನ) ಅಂತ ಒಂಟಿಯಾಗಿ ಅಂದರೆ "ಲಾರಿ" ಆಗುತ್ತದೆ. "ಮಗ್ಗದಾಗೆ ಲಾಳಿ ಆ ಕಡೆ ಈ ಕಡೆ ಓಡ್ತಿತ್ತು" ಅಂತ ಒಂದೇ ಉಸಿರಿಗೆ ಹೇಳಿದರೆ ಎರಡರಲ್ಲಿ ಒಂದು ಸಲ ಸರಿ ಬರುತ್ತದೆ.

ಇಷ್ಟರಲ್ಲಿ ಎಲ್ಲಾದರೂ ಅಪ್ಪಾಜಿಯ ತಪ್ಪಿದೆಯಾ? ಫ್ಯಾನು, ಬೂಸ್ಟು, ಕ್ಯಾಮೆರಾ, ನನ್ನ ಪೆದ್ದುತನ. ಬೈಸಿಕೊಂಡವರು ಮಾತ್ರ ಅವರು.

ಉಳಿದ 19 ಇದೆಯಲ್ಲ, ಅದು ನಿಜವಾದ ಜಗಳ. ಐತಿ, ಹೊಂಟ್ವಿ, ಲಾಳಿ, ಬುತ್ತಿ. ಇವು ಅದರ ಕಿವಿಗೆ ಬಿದ್ದೇ ಇಲ್ಲ, ಎಲ್ಲಿಂದ ಬರೆಯಬೇಕು? ಉದಾಹರಣೆಗೆ, 2022ರಲ್ಲಿ ಬಂದ, ಮಾತು ಕೇಳಿ ಬರೆಯುವ ತಂತ್ರಾಂಶ ವಿಸ್ಪರ್‌ನ ಲೆಕ್ಕ ಅದನ್ನು ಮಾಡಿದವರೇ ಕೊಟ್ಟಿದ್ದಾರೆ. ಒಟ್ಟು 6,80,000 ಗಂಟೆ ಧ್ವನಿ ಕೇಳಿಸಿ ಕಲಿಸಿದ್ದು, ಅದರಲ್ಲಿ ಇಂಗ್ಲಿಷ್ ಬಿಟ್ಟು 96 ಭಾಷೆಗಳಿಗೆಲ್ಲ ಸೇರಿ 1,17,000 ಗಂಟೆ. ಆ 96ರ ಪಂಕ್ತಿಯಲ್ಲಿ ಕನ್ನಡವೂ ಒಂದು ಎಲೆ ಹಾಕಿಕೊಂಡು ಕೂತಿದೆ. ಆ ಎಲೆಯಲ್ಲಿ ದಾವಣಗೆರೆಯ ಮಿಲ್ಲಿನವರ ಮಾತು ಎಷ್ಟು ತುತ್ತು ಇರಬಹುದು, ನೀವೇ ಹೇಳಿ.

ಮೊದಲು ಹೀಗಿರಲಿಲ್ಲ. 1997ರಲ್ಲಿ, ನಮ್ಮ ದಾವಣಗೆರೆ ಜಿಲ್ಲೆಯಾದ ವರ್ಷವೇ, ಡ್ರ್ಯಾಗನ್ ನ್ಯಾಚುರಲಿಸ್ಪೀಕಿಂಗ್ ಅಂತ ಇಂಗ್ಲಿಷಿನ ತಂತ್ರಾಂಶ ಬಂತು. ಅದನ್ನು ಹಾಕಿಕೊಂಡವರು ಮೊದಲು ಅದು ಕೊಟ್ಟ ಪಾಠವನ್ನು ಗಟ್ಟಿಯಾಗಿ ಓದಬೇಕಿತ್ತು. ಅದು ಯಜಮಾನನ ಧ್ವನಿ ಕಲಿಯುತ್ತಿತ್ತು. ತಪ್ಪು ತಿದ್ದಿದರೆ ಮುಂದಿನ ಸಲಕ್ಕೆ ನೆನಪಿಟ್ಟುಕೊಳ್ಳುತ್ತಿತ್ತು. ಮನೆಗೆ ಹೊಸದಾಗಿ ಬಂದ ಕೆಲಸದವರು ನಮ್ಮ ಮಾತಿಗೆ ಒಗ್ಗಿಕೊಳ್ಳುವ ಹಾಗೆ. ಈಗ ನಾನು ಬಳಸುವುದಕ್ಕೆ "ಬುದ್ಧಿ ಅಲ್ಲ ಮಾರಾಯ, ಬುತ್ತಿ" ಅಂತ ದಿನಾ ತಿದ್ದಿ ಕೊಡುತ್ತೇನೆ, ಮಾರನೇ ದಿನ ಮತ್ತೆ ಬುದ್ಧಿಯನ್ನೇ ಕಟ್ಟಿಕೊಂಡು ಬರುತ್ತದೆ.

"ಪ್ರತಿ ಊರಿನ ಮಾತಿಗೂ ಒಂದೊಂದು ತಂತ್ರಾಂಶ ಮಾಡೋಕಾಗುತ್ತಾ? ಬರೆಯೋ ಭಾಷೆ ಅಂತ ಒಂದು ಇರಬೇಕಲ್ವಾ?" ಅಂತ ನಿಮ್ಮಲ್ಲಿ ಕೆಲವರು ಈಗಾಗಲೇ ಬೆರಳು ಚಾಚಿದ್ದೀರಿ, ಗೊತ್ತು. ಇರಲಿ ಸ್ವಾಮಿ, ಯಾರು ಬೇಡ ಅಂದರು? ಅರ್ಜಿ ಬರೆಸುವಾಗ ನಾನೂ "ಇದೆ" ಅಂತಲೇ ಹೇಳುತ್ತೇನೆ. ಆದರೆ ಇದು ಅರ್ಜಿಯಲ್ಲ, ಅಪ್ಪಾಜಿಯ ಬದುಕು. ಇನ್ನು ಆಗುತ್ತಾ ಅನ್ನೋ ಪ್ರಶ್ನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ ಜೊತೆ ಸೇರಿ 'ವಾಣಿ' ಅಂತ ಯೋಜನೆ ನಡೆಸುತ್ತಿದ್ದಾರೆ. ದೇಶದ 773 ಜಿಲ್ಲೆಗಳ ಸುಮಾರು 10 ಲಕ್ಷ ಜನರ ಮಾತು ಕೂಡಿಸುವ ಗುರಿ. ಪುಸ್ತಕ ಓದಿಸಲ್ಲ, ಒಂದು ಚಿತ್ರ ತೋರಿಸಿ "ಏನಿದೆ ಹೇಳಿ" ಅಂತಾರೆ. ಜನ ತಮ್ಮ ಮಾತಿನಲ್ಲೇ ಹೇಳುತ್ತಾರೆ. ನಮ್ಮ ಪಕ್ಕದ ಚಳ್ಳಕೆರೆಯ ಕುದಾಪುರದಲ್ಲಿ ಅದೇ ಸಂಸ್ಥೆಗೆ 1,500 ಎಕರೆ ಜಾಗ ಇದೆ. ಅವರಿಗೆ ಆಗುತ್ತೆ ಅನ್ನಿಸಿದ್ದು ನಿಮಗೆ ಯಾಕೆ ಆಗಲ್ಲ ಅನ್ನಿಸುತ್ತೆ? ಅಷ್ಟಕ್ಕೂ ಈ ಜಿಲ್ಲೆಯೇ ಚಿತ್ರದುರ್ಗದಿಂದ ಒಂದಿಷ್ಟು, ಶಿವಮೊಗ್ಗದಿಂದ ಚನ್ನಗಿರಿ ಹೊನ್ನಾಳಿ, ಬಳ್ಳಾರಿಯಿಂದ ಹರಪನಹಳ್ಳಿ ಅಂತ ಮೂರು ಕಡೆಯಿಂದ ಹೊಲಿದ ಕೌದಿ. ಹರಪನಹಳ್ಳಿ ಆಮೇಲೆ ವಾಪಸ್ ಹೋಯಿತು, ಆ ಮಾತು ಬೇರೆ. ಇಲ್ಲಿ ಒಂದು ಬಸ್ಸಿನಲ್ಲಿ ಮೂರು ಥರದ "ಇದೆ" ಕೇಳುತ್ತದೆ. ಕಂಡಕ್ಟರಿಗೆ ಮೂರೂ ಗೊತ್ತು.

ಈಗ ಒಂದು ವಿಷಯ ಹೇಳಿಬಿಡ್ತೀನಿ. ಹುಡುಗನ ಮೇಲೆ ಇಷ್ಟು ಕೂಗಾಡುತ್ತಿದ್ದೇನಲ್ಲ, "ಸರಿಯಾಗಿ ಮಾತಾಡ್ರಿ" ಅಂತ ಮೊದಲ ವಾರ ಅಪ್ಪಾಜಿಗೆ ಹೇಳಿದವನು ನಾನೇ. ಇನ್ನೂ ಜೋರಾಗಿಯೇ ಹೇಳಿದ್ದೆ. ಭಾನುವಾರ ಅವನ ಬಾಯಲ್ಲಿ ನನ್ನ ಮಾತೇ ಕೇಳಿದ್ದಕ್ಕೆ ಇಷ್ಟು ಉರಿ.

ಅದಕ್ಕೂ ಹಿಂದಿನದು ಇದೆ. ಡಿಟಿಪಿ ಅಂಗಡಿಯಲ್ಲಿದ್ದಾಗ ಜಗಳೂರು ಕಡೆಯ ಒಬ್ಬರು ಶಿವಗಣಾರಾಧನೆ ಕಾರ್ಡ್ ಮಾಡಿಸೋಕೆ ಬಂದಿದ್ದರು. ನೋಟ್‌ಬುಕ್ಕಿನ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಬರೆದು ತಂದಿದ್ದರು: "ನಮ್ಮವ್ವ ಹೋಗಿ ಹನ್ನೊಂದು ದಿನ ಆತು." ನಾನು ಕೇಳಲೂ ಇಲ್ಲ, "ನಮ್ಮ ಪೂಜ್ಯ ಮಾತೃಶ್ರೀಯವರು ಲಿಂಗೈಕ್ಯರಾದ ಪ್ರಯುಕ್ತ" ಅಂತ ಹೊಡೆದು ಕೊಟ್ಟೆ. ಅವರು ಪ್ರೂಫ್ ಹಾಳೆಯನ್ನು ತುಂಬ ಹೊತ್ತು ನೋಡಿದರು. "ನಮ್ಮವ್ವ ಎಲ್ಲೈತಿ ಇದ್ರಾಗೆ?" ಅಂದರು. ಕಾರ್ಡ್ ಹೀಗೇ ಇರೋದು ಯಜಮಾನ್ರೇ ಅಂದೆ. ದುಡ್ಡು ಕೊಟ್ಟು ಹೋದರು. ಮೊನ್ನೆ "ಹೊಂಟ್ವಿ" ಅಂದದ್ದನ್ನು ಪರದೆ ತಾನಾಗೇ "ಹೊರಟೆವು" ಅಂತ ತಿದ್ದಿದಾಗ ಆ ಮನುಷ್ಯನ ಮುಖ ನೆನಪಾಯಿತು.

ಈಗ ದಾರಿ ಬದಲಿಸಿದ್ದೇನೆ. ನೇರವಾಗಿ ಬರೆಸಲ್ಲ. ಮೊದಲು ರೆಕಾರ್ಡ್ ಮಾಡಿ ಇಟ್ಟುಕೊಳ್ತೀನಿ, ಧ್ವನಿಯಂತೂ ಉಳಿಯುತ್ತೆ. ಆಮೇಲೆ ಮನೆ ಕಂಪ್ಯೂಟರಿನಲ್ಲೇ ಓಡುವ ಒಂದು ಉಚಿತ ತಂತ್ರಾಂಶಕ್ಕೆ ಕೊಡ್ತೀನಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರ, ರಾತ್ರಿ ಹಚ್ಚಿಟ್ಟರೆ ಬೆಳಗ್ಗೆಗೆ ಮುಗಿದಿರುತ್ತೆ. ಇದರಲ್ಲಿ ಒಂದು ಅನುಕೂಲ ಇದೆ: ಲಾಳಿ, ಮಗ್ಗ, ಬುತ್ತಿ, ಖಾತೆ ಅಂತ ಮೊದಲೇ ಒಂದು ಸಣ್ಣ ಪಟ್ಟಿ ಕೊಟ್ಟರೆ ಆ ಪದಗಳ ಕಡೆ ವಾಲುತ್ತದೆ. ಕನ್ನಡ ಅಕ್ಷರ ಜಾಸ್ತಿ ಜಾಗ ತಿನ್ನುವುದರಿಂದ ಪಟ್ಟಿ ಉದ್ದ ಮಾಡುವ ಹಾಗಿಲ್ಲ. ಕಳೆದ ವಾರದ ನೂರು ಪದದಲ್ಲಿ 12 ತಪ್ಪು. ಅಪ್ಪಾಜಿ ನೆನಪು ಮಾಡಿಕೊಳ್ಳುತ್ತಾ ಒಂದು ನಿಮಿಷ ಸುಮ್ಮನೆ ಕೂತರೆ ಮಾತ್ರ ಅದಕ್ಕೆ ತಡೆಯಲ್ಲ, ಹೇಳಿದ ಸಾಲನ್ನೇ ಎಂಟು ಸಲ ಬರೆದು ಪುಟ ತುಂಬಿಸಿಬಿಡುತ್ತದೆ. ಹಾಗಾಗಿ ಆ ಮೌನಗಳನ್ನೆಲ್ಲ ಮೊದಲೇ ಕತ್ತರಿಸಿ ಕೊಡಬೇಕು. ಮೂಲದ ರೆಕಾರ್ಡಿಂಗಿನಲ್ಲಿ ಮಾತ್ರ ಹಾಗೇ ಬಿಟ್ಟಿದ್ದೇನೆ.

ಇವತ್ತು ಸಂಜೆ ಅಪ್ಪಾಜಿ ಮತ್ತೆ ಬಂದು ಕೂತರು. ನಾನು ಕರೆದಿರಲಿಲ್ಲ. ಹಳೇ ಧಾಟಿಯಲ್ಲೇ ಶುರು ಮಾಡಿದರು, ದೊಡ್ಡ ಗಂಟಲಿನಲ್ಲಿ. ನಡುವೆ ಒಂದು ಕಡೆ ನಿಂತುಬಿಟ್ಟರು. ಹೊಕ್ಕಿನ ನೂಲು, ಅಂದರೆ ಬಟ್ಟೆಗೆ ಅಡ್ಡಲಾಗಿ ಓಡುವ ನೂಲು, ಕಡಿದ ತಕ್ಷಣ ಮಗ್ಗವನ್ನು ತಾನಾಗೇ ನಿಲ್ಲಿಸುವ ಒಂದು ಸಣ್ಣ ಕಬ್ಬಿಣದ ಫೋರ್ಕಿನಂಥದ್ದು ಇರುತ್ತಲ್ಲ, ಅದಕ್ಕೆ ಮಿಲ್ಲಿನಲ್ಲಿ ಏನೋ ಹೆಸರಿತ್ತಂತೆ. "ನಾಲಿಗಿ ತುದಿಯಾಗೆ ಐತಿ ಕಣೋ, ಬರವಲ್ದು" ಅಂದರು. ನಿಮ್ಮ ಮನೆಯಲ್ಲಿ ಯಾರಾದರೂ ಮಗ್ಗದ ಖಾತೆಯಲ್ಲಿದ್ದವರು ಇದ್ದರೆ ಕೇಳಿ ಹೇಳಿ. ಅವರು ಏನಂತಾರೋ ಹಾಗೇ ಬರೀರಿ, ತಿದ್ದಬೇಡಿ.