ಇಲ್ಲದ ಕೆಸರು ಒರೆಸುವ ವಿದ್ಯೆ

ಸೈಕಲ್ ತುಳಿಯಲು ಬರುತ್ತದೆ ಎಂದುಕೊಂಡವರೆಲ್ಲ ದಯವಿಟ್ಟು ಇಳಿಯಿರಿ. ಪೆಡಲನ್ನು ಸುಮ್ಮನೆ ಕೆಳಕ್ಕೆ ಒತ್ತುವುದು ಅನಾಗರಿಕರ ಲಕ್ಷಣವಂತೆ. ಬಲ್ಲವರು ‘ದುಂಡಗೆ’ ತುಳಿಯುತ್ತಾರಂತೆ: ಮೇಲ್ತುದಿಯಲ್ಲಿ ಮುಂದಕ್ಕೆ ನೂಕಿ, ಕೆಳಕ್ಕೆ ಒತ್ತಿ, ತಳದಲ್ಲಿ ಬೂಟಿಗೆ ಮೆತ್ತಿದ ಕೆಸರು ಒರೆಸುವ ಹಾಗೆ ಹಿಂದಕ್ಕೆಳೆದು, ಆಮೇಲೆ ಮಂಡಿ ಎತ್ತಿ, ಬೂಟಿಗೆ ಕಚ್ಚಿಕೊಂಡ ಪೆಡಲನ್ನು ಮೇಲಕ್ಕೆ ಸೆಳೆಯಬೇಕು. ನಿಮಿಷಕ್ಕೆ 90 ಸುತ್ತು ಎಂದರೆ ಒಂದು ಸುತ್ತಿಗೆ ಒಂದು ಸೆಕೆಂಡೂ ಸಿಗುವುದಿಲ್ಲ. ಅಷ್ಟರಲ್ಲಿ ನಾಲ್ಕೂ ಶಾಸ್ತ್ರ ಮುಗಿಯಬೇಕು. ಗಂಟೆಗೆ ಒಂದೊಂದು ಕಾಲಿನಿಂದಲೂ 5,400 ಸಲ ಕೆಸರೊರೆಸುವ ಸೇವೆ. ಬಾಗಿಲಲ್ಲಿ ಬಿದ್ದಿರುವ ಕಾಲೊರಸಿಗೂ ಇಷ್ಟು ದುಡಿಮೆಯಿಲ್ಲ.

ಈ ವಿದ್ಯೆಗೆ ಅಂಕ ಕೊಡಲು ಸೂಚ್ಯಂಕವೊಂದಿದೆ. ಪೆಡಲಿನ ಮೇಲೆ ಬಿದ್ದ ಒಟ್ಟು ಬಲದಲ್ಲಿ ಕ್ರ್ಯಾಂಕನ್ನು, ಅಂದರೆ ಪೆಡಲು ಕೂತ ತೋಳನ್ನು, ತಿರುಗಿಸುವ ದಿಕ್ಕಿಗೆ ಸಂದದ್ದೆಷ್ಟು ಎಂಬ ಲೆಕ್ಕ. ಮೇಲೇರುವ ಕಾಲು ಪೆಡಲಿನ ಮೇಲೆ ತನ್ನ ಭಾರ ಬಿಟ್ಟಿತೋ, ಅಂಕ ಕಟ್! ಆಚೆ ಬದಿಯಲ್ಲಿ ಇಳಿಯುತ್ತಿರುವ ಕಾಲು ತಕ್ಕಡಿಯ ಇನ್ನೊಂದು ತಟ್ಟೆಯಂತೆ ಅದನ್ನು ಪುಕ್ಕಟೆ ಎತ್ತಿಕೊಡುತ್ತದೆ ಎಂಬುದು ಸೂಚ್ಯಂಕದ ಗಮನಕ್ಕೇ ಬರುವುದಿಲ್ಲ.

2007ರಲ್ಲಿ ಕೋರ್ಫ್ ಎಂಬ ಸಂಶೋಧಕ ಮತ್ತು ಸಂಗಡಿಗರು ಎಂಟು ಸವಾರರನ್ನು 200 ವ್ಯಾಟ್‌ನಲ್ಲಿ, 90ರ ಲಯದಲ್ಲಿ, ನಾಲ್ಕು ಬಗೆಯಾಗಿ ತುಳಿಸಿದರು: ರೂಢಿಯಂತೆ, ದುಂಡಗೆ, ಒತ್ತಿ, ಎಳೆದು. ಎಳೆದು ತುಳಿದಾಗ ಸೂಚ್ಯಂಕದಲ್ಲಿ ಫಸ್ಟ್ ಕ್ಲಾಸು. ದೇಹದ ದಕ್ಷತೆಯಲ್ಲಿ, ಅಂದರೆ ಉಸಿರು ಅಳೆದು ಲೆಕ್ಕಹಾಕಿದ, ದೇಹ ಖರ್ಚುಮಾಡಿದ ಶಕ್ತಿಯಲ್ಲಿ ಪೆಡಲಿಗೆ ಸಂದ ಪಾಲಿನಲ್ಲಿ, ಮಾತ್ರ ಅದೇ ಎಲ್ಲಕ್ಕಿಂತ ಕೆಳಗೆ. ಒತ್ತುವುದಕ್ಕೆ ಪೃಷ್ಠ, ತೊಡೆಗಳ ದಪ್ಪ ಸ್ನಾಯುಗಳಿವೆ. ಎತ್ತುವುದಕ್ಕೆ ಸೊಂಟದ ಮುಂಭಾಗದ ಬಡಪಾಯಿ ಸ್ನಾಯುಗಳು. ಪೈಲ್ವಾನನನ್ನು ಕೂರಿಸಿ ಅವನ ತಮ್ಮನ ಕೈಲಿ ಮೂಟೆ ಹೊರಿಸಿದ ಹಾಗೆ. ಅದಕ್ಕೂ ಮುಂಚೆ, 1991ರಲ್ಲೇ, ಕಾಯ್ಲ್ ತಂಡ ರಾಷ್ಟ್ರಮಟ್ಟದ ಸವಾರರನ್ನು ಅವರಿಗಿಂತ ಒಂದು ಮೆಟ್ಟಿಲು ಕೆಳಗಿನವರೊಂದಿಗೆ ಹೋಲಿಸಿತ್ತು. ದೊಡ್ಡವರ ಗುಟ್ಟೇನು? ಇನ್ನೂ ಜೋರಾಗಿ ಕೆಳಕ್ಕೆ ಒತ್ತುತ್ತಿದ್ದರು, ಅನಾಗರಿಕರು!

ದುಂಡಗೆ ತುಳಿಯುವುದನ್ನು ಕಲಿಸಲೆಂದೇ ಮಾರುವ, ಎಡಬಲ ಬಿಡಿಬಿಡಿಯಾಗಿ ತಿರುಗುವ ಕ್ರ್ಯಾಂಕಿನ ಕಥೆ ಇದಕ್ಕಿಂತ ಮಜವಾಗಿದೆ. ಒಳಗೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್. ನೀವಾಗಿ ಎತ್ತದಿದ್ದರೆ ಆ ಕಾಲಿನ ಪೆಡಲು ಕೆಳಗೇ ಜೋತುಬೀಳುತ್ತದೆ. ವರ್ಷಗಟ್ಟಲೆ ಸೈಕಲ್ ಹೊಡೆದವರೂ ಮೊದಲ ದಿನ ಕೆಲವೇ ನಿಮಿಷಕ್ಕೆ ಸೊಂಟ ಹಿಡಿದುಕೊಂಡು ನಿಲ್ಲುತ್ತಾರೆ. 2003ರಲ್ಲಿ 12 ಮಂದಿಯ, ಆರು ವಾರದ ಅಧ್ಯಯನವೊಂದು ‘ದಕ್ಷತೆ ಹೆಚ್ಚಿತು’ ಎಂದಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ಅಷ್ಟು ಸಾಕಾಯಿತು. ಬೇರೆಯವರು ಐದು ವಾರ ತುಳಿಸಿ ನೋಡಿದಾಗ ತುಳಿಯುವ ರೀತಿ ಬದಲಾಗಿತ್ತು. ದಕ್ಷತೆ ಇದ್ದಲ್ಲೇ ಇತ್ತು. ಆದರೂ ಜಾಹೀರಾತಿಗೆ ಮುಪ್ಪಿಲ್ಲ. ನಿಂತಲ್ಲಿಂದ ಸ್ಪ್ರಿಂಟ್ ಹೊಡೆಯುವ ಹತ್ತು ಸೆಕೆಂಡಿಗೆ ಎಳೆತ ಉಪಯೋಗಕ್ಕೆ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆ ಹತ್ತು ಸೆಕೆಂಡನ್ನೇ ನೂರು ಕಿಲೋಮೀಟರಿಗೆ ಹಿಗ್ಗಿಸಿ ಮಾರುತ್ತಾರೆ.

ಸಾಕಾಗಿದೆ. ಎಂಟು ಜನ, ಹನ್ನೆರಡು ಜನ, ಐದಾರು ವಾರ. ಉಸಿರಿನ ಅಳತೆ ಅದೇ ಮನುಷ್ಯನಲ್ಲೇ ದಿನದಿಂದ ದಿನಕ್ಕೆ ಏರುಪೇರಾಗುತ್ತದೆ, ಹುಡುಕುತ್ತಿರುವುದೋ ಅದಕ್ಕಿಂತ ಸಣ್ಣ ಲಾಭ. ಕೊನೆಗೆ ‘ಇನ್ನಷ್ಟು ಸಂಶೋಧನೆ ಅಗತ್ಯ’ ಎಂಬ ಮಂಗಳಾರತಿ. ಅತ್ತ ಪೆಡಲು ತಳದಲ್ಲಿದ್ದಾಗ ಮಂಡಿ 25ರಿಂದ 35 ಡಿಗ್ರಿ ಬಾಗಿರಬೇಕು ಎಂದು ಒಂದು ಅಲೆನ್ ಕೀ ಹಿಡಿದು ಸೀಟು ಸರಿಮಾಡಿಕೊಡುವ ಪುಣ್ಯಾತ್ಮನಿಲ್ಲ. ಸೀಟು ಎತ್ತರವಾಗಿ ಪ್ರತಿ ಸುತ್ತಿಗೂ ಸೊಂಟ ಅತ್ತಿತ್ತ ತೂಗಾಡುತ್ತಿರುವವನಿಗೂ ಮೊದಲು ಸಿಗುವ ಉಪದೇಶ ಅದೇ: ದುಂಡಗೆ ತುಳಿಯಪ್ಪಾ.