ಬರವಣಿಗೆಯ ಶೈಲಿ ಕೋರ್ಟಿನಲ್ಲಿ ಸಾಕ್ಷ್ಯವಾಗಬಹುದೇ?

ಪರ

ಹೇಳಿಕೆ ಆರೋಪಿಯದು, ಬರೆದುಕೊಂಡವರು ಪೊಲೀಸರು. ನಡುವೆ ಏನೇನು ಸೇರಿಕೊಂಡಿತು ಎಂಬುದನ್ನು ಪತ್ತೆ ಮಾಡಲು ಭಾಷಾತಜ್ಞರ ಕಣ್ಣು ಬೇಕು.

ಲಂಡನ್ನಿನ ಟಿಮೊತಿ ಇವಾನ್ಸ್‌ಗೆ ಓದುಬರಹ ಅಷ್ಟಕ್ಕಷ್ಟೇ. ಮಗಳನ್ನು ಕೊಂದನೆಂದು 1950ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಅದೇ ಮನೆಯಲ್ಲಿದ್ದ ಜಾನ್ ಕ್ರಿಸ್ಟಿ ಸರಣಿ ಕೊಲೆಗಾರ ಎಂಬುದು ಬಯಲಾದದ್ದು 1953ರಲ್ಲಿ. ಸ್ವೀಡನ್ನಿನ ಭಾಷಾವಿಜ್ಞಾನಿ ಯಾನ್ ಸ್ವಾರ್ತ್‌ವಿಕ್ 1968ರಲ್ಲಿ ಇವಾನ್ಸ್‌ನ ಹೇಳಿಕೆಗಳನ್ನು ಬಿಡಿಸಿ ನೋಡಿದರು. ತಪ್ಪೊಪ್ಪಿಗೆಯ ಭಾಗದ ವ್ಯಾಕರಣಕ್ಕೂ ಉಳಿದ ಭಾಗದ ವ್ಯಾಕರಣಕ್ಕೂ ತಾಳೆಯಾಗುತ್ತಿರಲಿಲ್ಲ.

ಲಂಡನ್ನಿನ ಪೊಲೀಸನೊಬ್ಬನ ಕೊಲೆ ಪ್ರಕರಣದಲ್ಲಿ 1953ರಲ್ಲಿ ನೇಣಿಗೇರಿದ ಡೆರೆಕ್ ಬೆಂಟ್ಲಿಯ ಹೇಳಿಕೆ ಇನ್ನೂ ಸ್ವಾರಸ್ಯದ್ದು. ನಾವು ಪ್ರಶ್ನೆ ಕೇಳಲಿಲ್ಲ, ಅವನೇ ಹೇಳುತ್ತಾ ಹೋದ ಎಂದು ಪೊಲೀಸರು ಪ್ರಮಾಣ ಮಾಡಿದ್ದರು. ಅದನ್ನು ಪರಿಶೀಲಿಸಿದ ಭಾಷಾವಿಜ್ಞಾನಿ ಮಾಲ್ಕಂ ಕೂಲ್ತಾರ್ಡ್‌ಗೆ ಕಣ್ಣಿಗೆ ಬಿದ್ದವುಗಳಲ್ಲಿ ನಿಷೇಧ ವಾಕ್ಯಗಳೂ ಇದ್ದವು. ನಡೆದದ್ದನ್ನು ಹೇಳುವವನು ನಡೆಯದ್ದನ್ನು ಸುಮ್ಮಸುಮ್ಮನೆ ಹೇಳುವುದಿಲ್ಲ. ಕಥೆಯ ಮಧ್ಯೆ ಏಕಾಏಕಿ ‘ನನಗೆ ಗೊತ್ತಿರಲಿಲ್ಲ’ ಎಂದು ಬಂದರೆ, ಗೊತ್ತಿತ್ತೇ ಎಂದು ಯಾರೋ ಕೇಳಿರಬೇಕು. ಸುಮ್ಮನೆ ಓದಿಕೊಂಡು ಹೋಗುವ ವಕೀಲರಿಗೆ ಇದು ಹೊಳೆಯುವುದು ಕಷ್ಟ. ಇಂಥದ್ದನ್ನು ನ್ಯಾಯಾಧೀಶರ ಮುಂದಿಡಬೇಡಿ ಎಂದರೆ ಹೇಗೆ?

ವಿರೋಧ

ಮುಂದಿಡಿ. ಆದರೆ 1998ರಲ್ಲಿ ಬೆಂಟ್ಲಿಯ ಶಿಕ್ಷೆ ರದ್ದಾದದ್ದು ಮುಖ್ಯವಾಗಿ ಮೂಲ ವಿಚಾರಣೆಯ ನ್ಯಾಯಾಧೀಶರು ಜ್ಯೂರಿಗೆ ಪಕ್ಷಪಾತದಿಂದ ವಿವರಣೆ ಕೊಟ್ಟಿದ್ದರೆಂಬ ಕಾರಣಕ್ಕೆ. ಈ ಮಾತನ್ನು ಪರವಾದಿಗಳು ಜಾಣತನದಿಂದ ನುಂಗಿಕೊಳ್ಳುತ್ತಾರೆ.

ಹೇಳಿಕೆಯಲ್ಲಿ ಕೈವಾಡವಿದೆ ಎನ್ನುವುದು ಒಂದು, ಈ ಬರಹ ಇಂಥವನದೇ ಎನ್ನುವುದು ಇನ್ನೊಂದು. ಭಯವಿರುವುದು ಎರಡನೆಯದರಲ್ಲಿ. ಅಂಚೆಯಲ್ಲಿ ಬಾಂಬು ಕಳಿಸಿ ಜನರನ್ನು ಕೊಂದ ಅಮೆರಿಕದ ‘ಯೂನಾಬಾಂಬರ್’ ಟೆಡ್ ಕಾಜಿನ್ಸ್ಕಿಯ ಉದಾಹರಣೆ ಎಲ್ಲರ ಬಾಯಲ್ಲೂ ಇದೆ. 1995ರಲ್ಲಿ ಪತ್ರಿಕೆಯಲ್ಲಿ ಬಂದ ಬಾಂಬರ್‌ನ ಪ್ರಣಾಳಿಕೆಯನ್ನು ಓದಿ ತಮ್ಮನಿಗೆ ಅಣ್ಣನ ಧಾಟಿಯೆಂದು ಅನುಮಾನ ಬಂತು, ನಿಜ. ಆ ಹೋಲಿಕೆಯಿಂದ ಸಿಕ್ಕಿದ್ದು ಸರ್ಚ್ ವಾರಂಟ್. ಬಾಂಬು, ಕಾಗದಪತ್ರ ಎಲ್ಲ ಅವನ ಗುಡಿಸಲಿನಲ್ಲೇ ಸಿಕ್ಕವು. ಅವು ಸಿಗದೇ ಹೋಗಿದ್ದರೆ?

1990ರ ದಶಕದ ಆರಂಭದಲ್ಲಿ ‘ಕ್ಯೂಸಮ್’ ಎಂಬ ವಿಧಾನ ಇಂಗ್ಲೆಂಡಿನ ಕೋರ್ಟುಗಳಿಗೂ ಕಾಲಿಟ್ಟಿತ್ತು. ವಾಕ್ಯದ ಉದ್ದ, ಎರಡು-ಮೂರು ಅಕ್ಷರದ ಪದಗಳು, ಇವನ್ನೆಲ್ಲ ಎಣಿಸಿ ಗ್ರಾಫ್ ಬರೆದು ಲೇಖಕ ಯಾರೆಂದು ಹೇಳುವುದು. ನೋಡಲು ಮಹಾ ವಿಜ್ಞಾನ! ಬೇರೆ ಸಂಶೋಧಕರು ಪರೀಕ್ಷೆಗೊಡ್ಡಿದಾಗ ನಿಲ್ಲಲಿಲ್ಲ.

ಈಗಂತೂ ಕೋರ್ಟಿಗೆ ಬರುವುದು ಹತ್ತು-ಹದಿನೈದು ಪದಗಳ ಮೊಬೈಲ್ ಮೆಸೇಜು. ಅದರಲ್ಲೂ ಅರ್ಧ ಕೀಬೋರ್ಡೇ ಸೂಚಿಸಿದ್ದು. ಒಂದೇ ಮನೆಯವರು, ಆಪ್ತ ಗೆಳೆಯರು ಒಬ್ಬರಂತೆ ಒಬ್ಬರು ಟೈಪ್ ಮಾಡುತ್ತಾರೆ. ಆರೋಪಿ ‘ಊಟ ಆಯ್ತಾ’ ಮುಂದೆ ಮೂರು ಚುಕ್ಕಿ ಇಡುತ್ತಾನೆ, ಸರಿ. ಹಾಗೆ ಇಡುವವರು ಒಟ್ಟು ಎಷ್ಟು ಮಂದಿ ಎಂದು ಪಾಟೀಸವಾಲಿನಲ್ಲಿ ಕೇಳಿದರೆ ಬಹುಪಾಲು ತಜ್ಞರ ಬಳಿ ಅಂಕಿ ಇರುವುದಿಲ್ಲ. ಅದು ಕೈಗೆ ಬರುವವರೆಗೆ ಅವರು ತನಿಖೆಗೆ ನೆರವಾಗಲಿ, ಶಿಕ್ಷೆ ಕೊಡಿಸಲು ಕಟಕಟೆ ಹತ್ತುವುದು ಬೇಡ.